ಲೆಕ್ಕದ ಜಂತಿ

ಜಂತಿ ಕೂಡಿಸಿದವರು ಯಾರು ಎಂದು ಮಾನ್ವಿಯಲ್ಲಿ ಪೊಲೀಸರು ಕೇಳಿದರು. ಸೂಗಪ್ಪ ಎಂದೆ. ಅವರು ಬರೆದುಕೊಂಡರು, ನಾನು ಕೆಳಗೆ ಸಹಿ ಹಾಕಿದೆ. ಹದಿನೈದರಲ್ಲಿ ಹದಿನಾಲ್ಕನ್ನು ಕೂಡಿಸಿದ್ದು ಸೂಗಪ್ಪನೇ. ಮುರಿದದ್ದು ಉಳಿದ ಒಂದು. ಅದನ್ನು ಕೂಡಿಸಿದವನು ನಾನು, ಮತ್ತು ಅದು ಯಾಕೆ ಮುರಿಯಿತು ಎಂಬುದು ಗೊತ್ತಿದ್ದವನೂ ಈ ಭೂಮಿಯ ಮೇಲೆ ನಾನೊಬ್ಬನೇ.

ನಾನು ದೇವದುರ್ಗದ ಮೌನೇಶ ಬಡಿಗೇರ. ವಯಸ್ಸು ಐವತ್ತೊಂಬತ್ತು. ಮುತ್ತಜ್ಜನ ಕಾಲದಿಂದ ನಮ್ಮದು ಮಾಳಿಗೆ ಮನೆಗಳ ಕೆಲಸ. ಉದ್ದಕ್ಕೆ ತೊಲೆ, ತೊಲೆಯ ಮೇಲೆ ಅಡ್ಡಕ್ಕೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮಣ್ಣು. ಈಗ ಮಾಳಿಗೆ ಕಟ್ಟಿಸುವವರು ಯಾರೂ ಇಲ್ಲ. ಸ್ಲ್ಯಾಬು ಬಂದ ಮೇಲೆ ನಾವು ಬಾಗಿಲು, ಕಿಟಕಿ, ಮಂಚ ಮಾಡಿಕೊಂಡು ಬಿದ್ದಿದ್ದೇವೆ. ಆದರೂ ಜಂತಿ ಎಂಬ ಮಾತು ಕೇಳಿದರೆ ನನ್ನ ಬೆನ್ನು ನೆಟ್ಟಗಾಗುತ್ತದೆ. ಸೊಕ್ಕು ಅನ್ನಿ. ಇತ್ತು.

ಸೂಗಪ್ಪ ನಮ್ಮ ಜಾತಿಯವನಲ್ಲ. ಊರ ಹೊರಗಿನ ಓಣಿಯವನು. ಇಪ್ಪತ್ತು ವರ್ಷದ ಹಿಂದೆ ಕಟ್ಟಿಗೆ ಹೊರುವ ಕೂಲಿಗೆ ಬಂದವನು ಗರಗಸ ಹಿಡಿದ, ಉಳಿ ಹಿಡಿದ, ಬರಬರುತ್ತ ನನಗಿಂತ ನುಣ್ಣಗೆ ಕೀಲು ಕೂಡಿಸತೊಡಗಿದ. ನಾನದನ್ನು ಬಾಯಿಬಿಟ್ಟು ಹೇಳಿದವನಲ್ಲ. ಹೊಗಳಿದರೆ ಕೆಲಸಗಾರ ಕೆಡುತ್ತಾನೆ ಎಂದು ನನ್ನಪ್ಪ ಹೇಳುತ್ತಿದ್ದ, ನಾನೂ ಹಾಗೇ ನಂಬಿದ್ದೆ.

ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರ ಬಸವಪ್ರಸಾದ ಫೋನು ಮಾಡಿದ್ದು ಯುಗಾದಿ ಮುಗಿದ ವಾರ. ಹೋದೆವು. ಸಾಹುಕಾರ ಮೊಬೈಲು ಹಿಡಿದು ಪರದೇಶದ ಯಾವುದೋ ಮನೆಯ ಹಿತ್ತಲು ತೋರಿಸಿದರು. ಕಟ್ಟಿಗೆಯ ನೆಲ, ಅದರ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಚಹಾ ಕುಡಿಯುವ ಬಿಳಿ ಮುದುಕರು.

"ಇದಕ್ಕ ಡೆಕ್ ಅಂತಾರ ಮೌನೇಶಣ್ಣ. ನಮ್ಮ ಹಿತ್ತಲದಾಗ ಹಿಂಗ ಒಂದು ಆಗಬೇಕು. ಮಗಳ ನಿಶ್ಚಯಕ್ಕ ಬೀಗರು ಬರ್ತಾರ, ಎಲ್ಲಾರೂ ಅದರ ಮ್ಯಾಲೇ ಕುಂದ್ರಬೇಕು."

"ಇದರಾಗ ಏನದರೀ ಸಾವ್ಕಾರ್ರ," ಅಂದೆ. "ಕೆಳಗ ಮನಿ ಇಲ್ಲದ ಮಾಳಿಗಿ ಇದು."

ಸೂಗಪ್ಪ ನಕ್ಕ. ಸಾಹುಕಾರರ ತಾಯಿ ವೀರಭದ್ರಮ್ಮ ನಗಲಿಲ್ಲ. ಎಂಬತ್ತರ ಹತ್ತಿರದ ಮುದುಕಿ, ಹಣೆತುಂಬ ವಿಭೂತಿ, ಕೈಯಲ್ಲಿ ಕೋಲು. ಹಿತ್ತಲಿನ ಈಶಾನ್ಯಕ್ಕೆ ಹಳೆಯ ಕಲ್ಲುಬಾವಿ ಇತ್ತು. ನಲವತ್ತು ಅಡಿ ಆಳ, ತಳದಲ್ಲಿ ಸವಳು ನೀರು. ಮಗ ಅದನ್ನು ಮುಚ್ಚಿಸಿ ಡೆಕ್ ಮಾಡಿಸಬೇಕು ಅಂದಿದ್ದರಂತೆ. ತಾಯಿ ಗಂಗಮ್ಮನ ಬಾಯಿಗೆ ಮಣ್ಣು ಹಾಕುವುದು ಬೇಡ ಎಂದು ಹಟ ಹಿಡಿದಿದ್ದರು. ಕೊನೆಗೆ ಒಪ್ಪಂದ ಆಗಿದ್ದು ಹೀಗೆ: ಬಾವಿ ಇದ್ದಂತೆ ಇರಲಿ, ಡೆಕ್ ಅದರ ಮೇಲಿಂದ ಹಾಯಲಿ. ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ ಹಾಕಿಸಿರಿ ಅಂದೆ. ಗಂಗಮ್ಮನನ್ನು ಜೈಲಿಗೆ ಹಾಕಿದಂತೆ ಆಗುತ್ತದೆ ಎಂದು ಮುದುಕಿ ಅದಕ್ಕೂ ಬೇಡ ಅಂದರು.

ಟೇಪು ಹಿಡಿದೆವು. ಮನೆಯ ಹಿಂದಿನ ಗೋಡೆಯಿಂದ ಬಾವಿ ದಾಟಿ ಹತ್ತೊಂಬತ್ತೂವರೆ ಅಡಿ ಉದ್ದ, ಒಂಬತ್ತು ಅಡಿ ಅಗಲ. ನೆಲದಿಂದ ಮೂರಡಿ ಎತ್ತರಕ್ಕೆ ಇಟ್ಟಿಗೆ ಕಂಬ. ಕಂಬದ ಮೇಲೆ ಎರಡೂ ಮಗ್ಗುಲಿಗೆ ಉದ್ದಕ್ಕೆ ಒಂದೊಂದು ತೊಲೆ, ಅದರ ಮೇಲೆ ಅಡ್ಡಕ್ಕೆ ಜಂತಿ. ಎರಡು ಅಡಿಗೊಂದು ಜಂತಿ ಇಟ್ಟರೆ ಇಂಚು ದಪ್ಪದ ಹಲಗೆ ನಡುವೆ ಬಾಗಿ ಕುಣಿಯುತ್ತದೆ. ಅಡಿಗೊಂದು ಇಟ್ಟರೆ ಗಟ್ಟಿಯೇನೋ ಹೌದು, ಕಟ್ಟಿಗೆ ಸುಮ್ಮನೆ ದಂಡ. ಒಂದೂವರೆ ಅಡಿ ಸರಿ. ಹತ್ತೊಂಬತ್ತೂವರೆ ಅಡಿಯಲ್ಲಿ ಒಂದೂವರೆ ಅಡಿಯ ಸಂದು ಹದಿಮೂರು ಬೀಳುತ್ತವೆ. ಸಂದು ಹದಿಮೂರಾದರೆ ಜಂತಿ ಹದಿನಾಲ್ಕು. ಮೂರಿಂಚು ಅಗಲ, ಐದಿಂಚು ಎತ್ತರ, ಹತ್ತಡಿ ಉದ್ದದ ತುಂಡು ಹದಿನಾಲ್ಕು ಅಂದರೆ ಹದಿನಾಲ್ಕೂವರೆ ಘನ ಅಡಿಯ ಮೇಲೆ ಒಂದಿಷ್ಟು. ಹಲಗೆ ಆರಿಂಚಿನವು ಹದಿನೆಂಟು ಸಾಲು, ಕೊಯ್ತಕ್ಕೆ ಹೋಗುವುದನ್ನು ಸೇರಿಸಿ ನೂರಾ ತೊಂಬತ್ತು ಚದರಡಿ ತರಬೇಕು. ಇದನ್ನೆಲ್ಲ ನಾನು ಬಾಯಲ್ಲೇ ಹೇಳುತ್ತ ಹೋದೆ, ಸೂಗಪ್ಪ ಹಲಗೆಯ ಚೂರಿನ ಮೇಲೆ ಪೆನ್ಸಿಲಿನಿಂದ ಬರೆದ. ಒಂದು ಕಡೆ ನಾನು ತಪ್ಪಿದ್ದನ್ನು ತಿದ್ದಿದ ಕೂಡ. ನಾನು ಕೇಳಿಸದವನಂತೆ ಇದ್ದೆ, ಆದರೆ ತಿದ್ದಿದ್ದನ್ನೇ ಹಿಡಿದೆ.

"ಜಂತಿ ಎಷ್ಟು ಬಂತೋ ಬಡಿಗ್ಯಾ?" ಮುದುಕಿ ಕೇಳಿದರು.

"ಹದಿನಾಲ್ಕ್ರೀ ಯವ್ವಾ."

ಅವರು ಬೆರಳು ಮಡಚತೊಡಗಿದರು. ಇಂದ್ರ, ಯಮ, ರಾಜ. ಇಂದ್ರ, ಯಮ, ರಾಜ. ನಮ್ಮ ಕಡೆ ಮೆಟ್ಟಿಲನ್ನೂ ಜಂತಿಯನ್ನೂ ಹೀಗೇ ಎಣಿಸುವುದು. ಕೊನೆಯದು ಇಂದ್ರನಿಗೆ ಬಿದ್ದರೆ ಒಳ್ಳೆಯದು, ರಾಜನಿಗೆ ಬಿದ್ದರೂ ಒಳ್ಳೆಯದು. ಹದಿನಾಲ್ಕನೆಯದು ಯಮನಿಗೆ ಬಿತ್ತು. ಮುದುಕಿಯ ಬೆರಳು ಅಲ್ಲೇ ನಿಂತಿತು.

"ಶುಭ ಕಾರ್ಯದ ಮನ್ಯಾಗ ಯಮನ ಲೆಕ್ಕ ಆಗಂಗಿಲ್ಲ."

"ಹದಿನೈದು ಮಾಡ್ತೀನ್ರೀ. ರಾಜನ ಮ್ಯಾಲೆ ನಿಲ್ತದ," ಅಂದೆ.

ಇಲ್ಲಿ ನಮ್ಮ ಮನೆತನದ ಒಂದು ಗುಟ್ಟು ಹೇಳಬೇಕು. ಭಾರಕ್ಕೆ ಎಷ್ಟು ಬೇಕೋ ಅಷ್ಟು ಜಂತಿ ಮೊದಲು. ಲೆಕ್ಕ ಯಮನಿಗೆ ಬಿದ್ದರೆ ಮೇಲೆ ಒಂದು ಸೇರಿಸುತ್ತೇವೆ. ಅದು ಲೆಕ್ಕದ ಜಂತಿ. ಅದು ಭಾರ ಹೊರುವುದಲ್ಲ, ಹೊರಲೂಬಾರದು. ಯಮನನ್ನು ದಾಟಲು ಇಟ್ಟ ಜಂತಿಗೆ ಮನೆಯ ಭಾರ ತಾಗಬಾರದು ಎಂದು ನನ್ನಜ್ಜನ ಮಾತು. ಅದಕ್ಕೆ ಬೂರಲದ ಹಗುರ ಕಟ್ಟಿಗೆ, ಬೆಂಕಿಕಡ್ಡಿ ಮಾಡುವಂಥದ್ದು. ಉಳಿದವುಗಳ ಅಳತೆಗೇ ಕೊಯ್ದು, ಮಸಿಯನ್ನೂ ಎಣ್ಣೆಯನ್ನೂ ತಿಕ್ಕಿ ಹಳೆಯ ಸಾಗವಾನಿಯ ಬಣ್ಣ ತರಿಸಿ, ಗೋಡೆಗೆ ಒತ್ತಿ ಕೂಡಿಸಿಬಿಡುವುದು. ಕಣ್ಣಿಗೆ ಗೊತ್ತಾಗುವುದಿಲ್ಲ. ಕೈಯಲ್ಲಿ ಎತ್ತಿದರೆ ಮಾತ್ರ ಗೊತ್ತಾಗುತ್ತದೆ. ಮನೆಯವರಿಗೆ ತಿಳಿದರೆ ಬಡಿಗೇರ ಮೋಸ ಮಾಡಿದ ಎನ್ನುತ್ತಾರೆ, ಅದಕ್ಕೇ ಹೊರಗಿನವರ ಕಿವಿಗೆ ಹಾಕುವುದಿಲ್ಲ. ಅಪ್ಪ ಮಗನಿಗೆ ಹೇಳಬೇಕು, ಅಷ್ಟೇ. ನನಗೆ ಇಬ್ಬರೂ ಹೆಣ್ಣುಮಕ್ಕಳು. ಯಾರಿಗೂ ಹೇಳಿರಲಿಲ್ಲ. ಸೂಗಪ್ಪನಿಗೂ.

ಅವನ ಜೊತೆ ಮಾಳಿಗೆ ರಿಪೇರಿ ಎಷ್ಟೋ ಮಾಡಿದ್ದೇನೆ. ಲೆಕ್ಕದ ಜಂತಿಯನ್ನು ಮಾತ್ರ ನಾನೊಬ್ಬನೇ ಹೊತ್ತು, ನಾನೊಬ್ಬನೇ ಕೂಡಿಸುತ್ತಿದ್ದೆ. "ಇದು ನಮ್ಮ ಮನಿತನದ ಪದ್ಧತಿ, ಕೊನೀದು ನಾನೇ ಗೋಡಿಗೆ ಒತ್ತಬೇಕು," ಎನ್ನುತ್ತಿದ್ದೆ. ಅವನು ಯಾಕೆ ಎಂದು ಕೇಳುತ್ತಿರಲಿಲ್ಲ. ಕೇಳಬಾರದ್ದನ್ನು ಕೇಳದೆ ಇರುವುದು ಅವನಿಗೆ ಹುಟ್ಟಿನಿಂದ ಕಲಿಸಿದ ವಿದ್ಯೆ. ನಾನು ಅದನ್ನು ಅವನ ಒಳ್ಳೆಯತನ ಎಂದುಕೊಂಡಿದ್ದೆ.

ಕಟ್ಟಿಗೆಗೆ ರಾಯಚೂರಿಗೆ ಹೋದೆವು. ಜಹೀರುದ್ದೀನ್ ಸಾಹೇಬರ ಅಡ್ಡೆಯಲ್ಲಿ ಹಳೆಯ ಮನೆಗಳನ್ನು ಕೆಡವಿ ತಂದ ಸಾಮಾನು ಸಿಗುತ್ತದೆ. ಯಾವುದೋ ದೊಡ್ಡ ಮನೆಯದು, ನೂರು ವರ್ಷದ ಹೊಗೆ ಕುಡಿದು ಕರಿಬಣ್ಣಕ್ಕೆ ತಿರುಗಿದ ಸಾಗವಾನಿ ಜಂತಿ. ಬೆರಳ ಗೆಣ್ಣಿನಿಂದ ಬಡಿದರೆ ದಣ್ ಅನ್ನುತ್ತಿದ್ದವು. ಒಂದೊಂದನ್ನೂ ಬಡಿದು, ತಿರುಗಿಸಿ, ಹುಳದ ತೂತು ನೋಡಿ ಆರಿಸಿದೆವು. ಹದಿನಾಲ್ಕು ಸಿಕ್ಕವು.

"ಹದಿನೈದು ಅಂದಿದ್ರಲ್ಲ," ಅಂದರು ಜಹೀರುದ್ದೀನ್. "ಇನ್ನೊಂದು ಮತ್ತಿ ಕಟ್ಟಿಗೀದು ಅದ ನೋಡ್ರಿ, ಪಕ್ಕಾ ಮಾಲು. ಬಣ್ಣ ಒಂಚೂರು ಬ್ಯಾರೆ, ಅಷ್ಟೇ."

"ಹೌದ್ರೀ ಯಪ್ಪಾ, ತಗೊಂಬಿಡೋಣು," ಅಂದ ಸೂಗಪ್ಪ. "ಗಟ್ಟಿ ಅದ."

"ಬ್ಯಾಡ. ಒಂದು ನನ್ನ ಹತ್ರ ಅದ," ಅಂದೆ.

ಆ ಮತ್ತಿಯ ಜಂತಿ ಕೊಂಡಿದ್ದರೆ ಆಗುತ್ತಿತ್ತು. ಹದಿನೈದೂ ಗಟ್ಟಿ ಜಂತಿ ಆಗುತ್ತಿದ್ದವು, ಯಾವುದು ಎಲ್ಲಿ ಕೂತರೂ ಯಾರೂ ಸಾಯುತ್ತಿರಲಿಲ್ಲ. ಆದರೆ ಹದಿನೈದನೆಯದು ಬೂರಲದ್ದೇ ಆಗಬೇಕು, ಅಜ್ಜ ಹಾಗೆ ಮಾಡಿದ್ದ, ಅಪ್ಪ ಹಾಗೆ ಮಾಡಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನದು ಅದೇ.

ತೊಲೆ ಕೂಡಿಸಿ, ಅದರ ಮೇಲೆ ಒಂದೂವರೆ ಅಡಿಗೊಂದರಂತೆ ಹದಿನಾಲ್ಕು ಗುರುತು ಹಾಕಿದ್ದಾಯಿತು. ಗೋಡೆಯಿಂದ ಎಣಿಸಿದರೆ ಹನ್ನೆರಡನೆಯ ಗುರುತು ಬಾವಿಯ ನಟ್ಟನಡುವಿಗೆ ಬರುತ್ತಿತ್ತು. ಬಾವಿಯ ಮೇಲೆ ಹಾಯುವ ಮುಂಚೆ ಗಂಗಮ್ಮನ ಅಪ್ಪಣೆ ಆಗಬೇಕು, ಆದ್ದರಿಂದ ಮೊದಲ ಜಂತಿ ಅಲ್ಲೇ ಬೀಳಬೇಕು, ಅದಕ್ಕೇ ಪೂಜೆ ಆಗಬೇಕು ಎಂದರು ವೀರಭದ್ರಮ್ಮ. ಸೋಮವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಮುಹೂರ್ತ.

ಒಂಬತ್ತಾದರೂ ರಾಯಚೂರಿನಿಂದ ಲಾರಿ ಬರಲಿಲ್ಲ. ದಾರಿಯಲ್ಲಿ ಟೈರು ಒಡೆದು ನಿಂತಿದೆ ಎಂದು ಡ್ರೈವರ್ ಫೋನು ಮಾಡಿದ. ಪೂಜೆ ಮಾಡುವ ಅಯ್ಯನವರು ಬಂದು ಕೂತಿದ್ದರು, ಕಾಯಿ ಒಡೆಯಲು ಸಾಹುಕಾರರು ನಿಂತಿದ್ದರು. ಮುದುಕಿ ಗಡಿಯಾರ ನೋಡುತ್ತಿದ್ದರು. ನನ್ನ ಹತ್ತಿರ ಇದ್ದ ಜಂತಿ ಒಂದೇ, ಹಿಂದಿನ ದಿನ ದೇವದುರ್ಗದಿಂದ ಗೋಣಿತಟ್ಟು ಸುತ್ತಿ ಟಂಟಂ ಆಟೋದಲ್ಲಿ ತಂದದ್ದು. ಸಂಜೆ ಲಾರಿ ಬಂದ ಮೇಲೆ ಬದಲಿಸಿದರಾಯಿತು ಎಂದುಕೊಂಡೆ. ನಾನೇ ಹೊತ್ತೆ. ಭಾರ ಇದ್ದವನಂತೆ ಸೊಂಟ ಬಗ್ಗಿಸಿ ನಡೆದೆ, ಈ ನಾಟಕವನ್ನೂ ಅಪ್ಪನೇ ಕಲಿಸಿದ್ದು. ಹನ್ನೆರಡನೆಯ ಗುರುತಿಗೆ ಇಟ್ಟೆ. ಅರಿಷಿಣ, ಕುಂಕುಮ, ಹೂವು, ಮಂಗಳಾರತಿ ಎಲ್ಲ ಆಯಿತು.

ಸೂಗಪ್ಪ ಒಂದು ಮಗ್ಗುಲು ಹಿಡಿಯಲು ಬಂದಿದ್ದ. "ನೀ ದೂರ ಸರಿ," ಎಂದರು ಮುದುಕಿ. "ಪೂಜಿ ಆಗೋ ಜಂತಿ ಅದು. ಮುಟ್ಟಬ್ಯಾಡ." ಅವನು ಸರಿದ. ನಾನು ಏನೂ ಅನ್ನಲಿಲ್ಲ. ಅವನು ಮುಟ್ಟದೆ ಇದ್ದದ್ದು ನನಗೂ ಅನುಕೂಲವೇ ಆಗಿತ್ತು, ಇದನ್ನೂ ಹೇಳಿಬಿಡುತ್ತೇನೆ.

ಲಾರಿ ಬಂದದ್ದು ಸಂಜೆ ಐದಕ್ಕೆ. ನಾನು ಹನ್ನೆರಡನೆಯದಕ್ಕೆ ಕೈ ಹಾಕಿದೆನೋ ಇಲ್ಲವೋ, ಮುದುಕಿ ಕೋಲು ಊರಿಕೊಂಡು ಬಂದರು. "ಪೂಜಿ ಆದದ್ದು ಕದಲಸ್ತೀಯೇನೋ? ಗಂಗಮ್ಮ ಸುಮ್ಮನ ಬಿಡ್ತಾಳಾ?" ಎಂದು ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಮರುದಿನ ದೇವದುರ್ಗದ ಮಠದ ಬಾಗಿಲು ನಿಲ್ಲಿಸುವ ಕೆಲಸಕ್ಕೆ ನಾನು ಹೋಗಲೇಬೇಕಿತ್ತು, ತಿಂಗಳ ಹಿಂದೆ ಒಪ್ಪಿದ ದಿನ ಅದು. ಉಳಿದ ಜಂತಿ ಸೂಗಪ್ಪ ಕೂಡಿಸಲಿ, ಹಲಗೆ ಹೊಡೆಯುವ ಮುಂಚೆ ಬರುತ್ತೇನೆ ಎಂದು ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನ ಫೋನು ಮಾಡಿದೆ.

"ಸೂಗಪ್ಪ, ಆ ಪೂಜಿ ಜಂತಿ ತಗದು ಗೋಡಿಗೆ ಒತ್ತಿ ಕೂಡಸು. ಅದರ ಜಾಗಕ್ಕ ಸಾಗವಾನಿ ಇಡು."

"ಯಾಕ್ರೀ ಯಪ್ಪಾ? ಅಮ್ಮಾರು ಅಲ್ಲೇ ಕುಂತಾರ, ಬೈತಾರ."

ಇಪ್ಪತ್ತು ವರ್ಷದಲ್ಲಿ ಅವನು ಯಾಕೆ ಎಂದು ಕೇಳಿದ್ದು ಅದೊಂದೇ ಸಲ. ಮಠದ ಬಾಗಿಲ ಬಳಿ ನಮ್ಮವರು ನಾಲ್ಕು ಮಂದಿ ನಿಂತಿದ್ದರು. ಇಲ್ಲದಿದ್ದರೂ ಹೇಳುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

"ಯಾಕ ಪಾಕ ಬ್ಯಾಡ. ಹೇಳಿದಷ್ಟು ಮಾಡಲೇ," ಎಂದು ಫೋನು ಇಟ್ಟೆ.

ಬುಧವಾರ ಹತ್ತು ಗಂಟೆಗೆ ಮಾನ್ವಿಗೆ ಬಂದೆ. ಕೆಲಸ ನೋಡಿ ನನಗೆ ಹೊಟ್ಟೆ ತಂಪಾಯಿತು. ದಾರ ಹಿಡಿದರೆ ಒಂದು ನೂಲು ಆಚೀಚೆ ಇಲ್ಲ. ಗೋಡೆಯ ಕಡೆಯಿಂದ ಎಣಿಸಿದೆ, ಹದಿನೈದು. ರಾಜ. ಬಾವಿಯ ಮೇಲಿನ ಜಂತಿಗೆ ಅರಿಷಿಣ ಕಂಡಿತು. ಬದಲಿಸಿದ ಮೇಲೆ ಮುದುಕಿ ಹೊಸದಕ್ಕೂ ಹಚ್ಚಿರಬೇಕು ಎಂದುಕೊಂಡೆ. ಗೋಡೆಗೆ ಒತ್ತಿದ್ದು ಕರ್ರಗೆ ಇತ್ತು, ಅದೇ ಲೆಕ್ಕದ ಜಂತಿ ಎಂದುಕೊಂಡೆ. ಎರಡನ್ನೂ ಬೆರಳಿನಿಂದ ಒಂದು ಸಲ ಬಡಿಯಲಿಲ್ಲ. ಊರಿನ ಮಾಳಿಗೆಯನ್ನೆಲ್ಲ ಬಡಿದು ನೋಡುವ ನಾನು ಅವತ್ತು ಬಡಿಯಲಿಲ್ಲ.

ಚಹಾ ಕುಡಿಯುವಾಗ ಸೂಗಪ್ಪ ಬಾಯಿ ತೆಗೆದ. "ಯಪ್ಪಾ, ಆ ಪೂಜಿ ಜಂತಿದು ಒಂದು ಮಾತು..."

"ಬಿಡಪಾ, ಮುದುಕಿ ಬೈದಿರಬೇಕು. ನನಗ ಗೊತ್ತಿಲ್ಲೇನು ಆಕಿ ಬಾಯಿ," ಎಂದು ನಕ್ಕೆ. ಅವನು ತಲೆ ತಗ್ಗಿಸಿ ಬಸಿ ತೊಳೆಯಲು ಹೋದ.

ಹಲಗೆ ಹೊಡೆಯುವ ಮೊದಲು ಜಂತಿ ತುಳಿಯುವ ಪದ್ಧತಿ ಇದೆ. ಮೇಸ್ತ್ರಿ ಬರಿಗಾಲಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಪ್ರತಿ ಜಂತಿಯ ನಡುವೆ ನಿಂತು ಮೂರು ಸಲ ಒದೆಯಬೇಕು. ಮನೆಯವರು ನಿಂತು ನೋಡಬೇಕು. ಆಮೇಲೆ ತುಳಿದವನಿಗೆ ಎಲೆ ಅಡಿಕೆ, ಕಾಯಿ, ಹೆಗಲಿಗೊಂದು ಟವೆಲ್ಲು. ಅದು ಕೆಲಸದ ಮರ್ಯಾದೆ. ಇಲ್ಲಿಯವರೆಗೆ ಎಲ್ಲ ಕಡೆ ನಾನೇ ತುಳಿದವನು. ಅವತ್ತು ನನ್ನ ಮೊಣಕಾಲು ಊದಿತ್ತು. ಆದರೆ ಮೊಣಕಾಲು ಒಂದು ನೆಪ. ಅಷ್ಟು ಚಂದದ ಕೆಲಸ ನೋಡಿ ನನಗೇ ನಾಚಿಕೆ ಆಗಿತ್ತು.

"ಸೂಗಪ್ಪ, ನೀ ತುಳಿ," ಅಂದೆ.

ಅವನು ನಂಬಲಿಲ್ಲ. ವೀರಭದ್ರಮ್ಮ ಕುರ್ಚಿಯಿಂದ ಎದ್ದರು. "ಪೂಜಿ ಜಂತಿ ಮ್ಯಾಲೆ ಅವ ಕಾಲಿಡೋದಾ? ನೀ ತುಳಿಯೋ ಬಡಿಗ್ಯಾ."

ನನಗೆ ಸಿಟ್ಟು ನೆತ್ತಿಗೇರಿತು. "ಕೂಡಿಸಿದಂವ ತುಳೀಬೇಕು ಯವ್ವಾ. ಅವ ತುಳಿಯೋದು ಬ್ಯಾಡ ಅಂದ್ರ ಹಲಗಿ ಬ್ಯಾರೆಯವರ ಕಡಿಂದ ಹೊಡಿಸಿಕೊಳ್ರಿ. ನಾವು ಹೊಂಟಿವಿ."

ಅವನ ಪರವಾಗಿ ನಾನು ಬಾಯಿ ತೆರೆದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಸಾಹುಕಾರರು ತಾಯಿಗೆ ಸುಮ್ಮನಿರಲು ಹೇಳಿದರು. ಸೂಗಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು ಬಂದ. ಅಂಗಿಯ ಗುಂಡಿ ಹಾಕಿಕೊಂಡ. ನನ್ನ ಕಡೆ ನೋಡಿದ. ಆ ಮುಖ ನಾನು ಸಾಯುವ ತನಕ ನೋಡುತ್ತಲೇ ಇರಬೇಕು.

ಗೋಡೆಯ ಕಡೆಯಿಂದ ಶುರು ಮಾಡಿದ. ಗೋಡೆಗೆ ಒತ್ತಿದ್ದನ್ನು ತುಳಿಯುವುದಿಲ್ಲ, ಅದನ್ನು ದಾಟಿ ಮೊದಲನೆಯದು. ದಣ್ ದಣ್ ದಣ್. ಎರಡು. ಮೂರು. ನಾನು ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದೆ, ಒಂದಕ್ಕಿಂತ ಒಂದು ಗಟ್ಟಿ. ಹನ್ನೊಂದಾಯಿತು. ಹನ್ನೆರಡನೆಯದರ ಹತ್ತಿರ ಅವನು ಬಗ್ಗಿ, ಅರಿಷಿಣ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಕಾಲಿಟ್ಟು ಒದ್ದ.

ಸದ್ದು ದಣ್ ಎನ್ನಲಿಲ್ಲ. ತೇವದ ಗೋಣಿಗೆ ಬಡಿದ ಹಾಗೆ ಬೊದ್ ಎಂದಿತು. ನನ್ನ ಕಿವಿಗೆ ಆ ಕ್ಷಣವೇ ಗೊತ್ತಾಯಿತು. "ಸೂಗಪ್ಪಾ" ಎಂದು ಕೂಗಿದೆ. ಕರೆದರೆಂದು ಅವನು ನನ್ನ ಕಡೆ ತಿರುಗಿದ, ತಿರುಗುವಾಗ ಎರಡನೆಯ ಸಲ ಕಾಲು ಬಿತ್ತು. ಜಂತಿ ಸೌತೆಕಾಯಿಯಂತೆ ನಡುವೆ ಮುರಿಯಿತು. ಅವನು ಕೂಗಲಿಲ್ಲ. ಬಾವಿಯ ಕಲ್ಲಿಗೆ ಬಡಿದ ಸದ್ದು ಬಂತು, ಆಮೇಲೆ ನೀರಿನ ಸದ್ದು.

ಹಗ್ಗ ಬಿಟ್ಟು ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಕೂಲಿಯವರ ಕೈಗೆ ಕೆಲಸ ಬಿಟ್ಟು ಹೋದ್ರ ಹಿಂಗ ಆಗ್ತದ ನೋಡು," ಎಂದರು ಸಾಹುಕಾರರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ. ಸೂಗಪ್ಪನನ್ನು ಹಲಗೆಯ ಮೇಲೆ ಮಲಗಿಸುವಾಗ ಗೋಡೆಗೆ ಒತ್ತಿದ್ದ ಜಂತಿಯನ್ನು ಬಡಿದು ನೋಡಿದೆ. ದಣ್ ಅಂದಿತು. ಪೂಜೆಯ ಜಂತಿಯನ್ನು ಮುದುಕಿ ಮುಟ್ಟಗೊಟ್ಟಿರಲಿಲ್ಲ, ಅದಕ್ಕೆ ಅವನು ಉಳಿದ ಹದಿಮೂರು ಗುರುತಿಗೆ ಹದಿಮೂರು ಸಾಗವಾನಿ ಕೂಡಿಸಿ, ಮಿಕ್ಕ ಒಂದನ್ನು ಗೋಡೆಗೆ ಒತ್ತಿದ್ದ. ಲೆಕ್ಕ ಸರಿ ಇತ್ತು. ಚಹಾ ಕುಡಿಯುವಾಗ ಹೇಳಲು ಬಂದದ್ದು ಇದೇ. ಆಮೇಲೆ ಪೊಲೀಸರು ಬಂದು ಕೇಳಿದರು, ನಾನು ಸೂಗಪ್ಪ ಎಂಬ ಆ ಉತ್ತರ ಕೊಟ್ಟೆ.

ದೇವದುರ್ಗದಲ್ಲಿ ಮಾತು ಹಬ್ಬಿತು. ಟೊಳ್ಳು ಕಟ್ಟಿಗೆ ಹಾಕಿ ತನ್ನ ಗುಂಡಿ ತಾನೇ ತೋಡಿಕೊಂಡ ಎಂದರು. ಬಡಿಗೇರನಲ್ಲದವನಿಗೆ ಬಡಿಗತನ ಕೊಟ್ಟರೆ ಇಷ್ಟೇ ಎಂದು ನಮ್ಮವರು ನನ್ನ ಅಂಗಡಿಯ ಮುಂದೆ ಕೂತೇ ಅಂದರು. ನಾನು ಹಲಗೆ ನುಣುಪಾಗಲು ರಂದ ಹೊಡೆಯುತ್ತಿದ್ದೆ. ಕೈ ನಿಲ್ಲಲಿಲ್ಲ, ಬಾಯಿ ಏಳಲಿಲ್ಲ. ನನಗೆ ನಾನೇ ಹೇಸಿದ್ದು ಅವತ್ತು.

ಹದಿಮೂರನೆಯ ದಿನಕ್ಕೆ ಅವನ ಹೆಂಡತಿ ಗೋಪಮ್ಮ ನನ್ನ ಅಂಗಡಿಗೆ ಬಂದಳು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಹೆಂಗಸು, ಹೆಚ್ಚು ಮಾತಿನವಳಲ್ಲ. ಸೆರಗಿನಲ್ಲಿ ಸುತ್ತಿದ್ದನ್ನು ಬಿಚ್ಚಿ ನನ್ನ ಮುಂದೆ ಇಟ್ಟಳು. ಮೊಳದುದ್ದದ ಜಂತಿಯ ತುಂಡು. ಒಂದು ಬದಿಗೆ ಇನ್ನೂ ಅರಿಷಿಣ ಇತ್ತು.

"ನೀರಿನ ಮ್ಯಾಲೆ ತೇಲಾಕತ್ತಿತ್ತಂತ. ಎತ್ತಿದ ಹುಡುಗ್ರು ಬಿಸಾಕಿದ್ರು, ನಾ ತಂದೀನಿ," ಅಂದಳು. "ಇದು ಏನ್ ಕಟ್ಟಿಗಿ ಯಣ್ಣಾ?"

ನಾನು ಕೈಯಲ್ಲಿದ್ದ ರಂದ ಕೆಳಗಿಟ್ಟೆ.

"ನಾ ಹೇಳ್ತೀನಿ. ಇದು ಬೂರಲ. ಹುಟ್ಟಿದಾಗಿಂದ ಕಟ್ಟಿಗಿ ಆರಿಸಿ ಒಲಿ ಹಚ್ಚಾಕಿ ನಾನು. ಕೈಯಾಗ ಹಿಡಿದ್ರ ನನಗ ಗೊತ್ತಾಗ್ತದ. ಅವಗ ಗೊತ್ತಾಗಂಗಿಲ್ಲೇನು? ಅವ ಇದನ್ನ ಎತ್ತಿದ್ರ ಅಲ್ಲೇ ಬಿಸಾಕ್ತಿದ್ದ. ಹಂಗಾರ ಅವ ಇದನ್ನ ಎತ್ತೇ ಇಲ್ಲ. ಯಾರು ಎತ್ತಿ ಇಟ್ರು?"

"ನಾನು," ಅಂದೆ.

ಅವಳು ಅಳಲಿಲ್ಲ. ಕಟ್ಟಿಗೆಯ ರಾಶಿಯ ಮೇಲೆ ಕೂತಳು. ನಾನು ಎಲ್ಲ ಹೇಳಿದೆ. ಇಂದ್ರ, ಯಮ, ರಾಜ, ಅಜ್ಜನ ಮಾತು, ಮಸಿ ಎಣ್ಣೆ, ಪಂಕ್ಚರಾದ ಲಾರಿ, ಫೋನಿನಲ್ಲಿ ಬೈದದ್ದು, ಚಹಾ ಕುಡಿಯುವಾಗ ಅವನ ಬಾಯಿ ಮುಚ್ಚಿಸಿದ್ದು.

"ಅವಗ ಯಾಕ ಹೇಳಿರಲಿಲ್ಲ?"

"ಅದು ನಮ್ಮ ಮನಿತನದ ಗುಟ್ಟು ಗೋಪವ್ವ. ಗಂಡಸ ಮಕ್ಕಳಿಗೆ ಅಷ್ಟೇ ಹೇಳೋದು."

"ನಿನಗ ಗಂಡಸ ಮಕ್ಕಳಿಲ್ಲಲ್ಲ."

ನಾನು ಕಾಲ ಬಳಿ ಬಿದ್ದಿದ್ದ ಚಕ್ಕೆಗಳನ್ನು ಗುಡ್ಡೆ ಮಾಡತೊಡಗಿದೆ.

"ನನ್ನ ಕೈ ರೊಟ್ಟಿ ಇಪ್ಪತ್ತು ವರ್ಷ ತಿಂದೀದಿ," ಅಂದಳು. "ನಿನ್ನ ಮನಿ ಕಟ್ಟಿ ಮ್ಯಾಲೆ ಕುಂತಲ್ಲ, ಕೆಲಸದ ಜಾಗದಾಗ. ಅಲ್ಲಿ ಯಾರೂ ನೋಡಂಗಿಲ್ಲ ಅಂತ. ಅವ ಮನಿಗೆ ಬಂದು ಹೇಳಾಂವ, ಮೌನೇಶಪ್ಪ ಇವತ್ತ ನಾಕು ರೊಟ್ಟಿ ಉಂಡಾನ ಅಂತ. ಅದ ಒಂದು ದೊಡ್ಡ ಸಂಭ್ರಮ ಅವಗ." ತುಂಡನ್ನು ಮತ್ತೆ ಸೆರಗಿನಲ್ಲಿ ಸುತ್ತಿದಳು. "ಏಳು. ಮಾನ್ವಿಗೆ ನಡಿ. ಈಗ ನನಗ ಹೇಳಿದಿ ಅಲ್ಲ, ಅದನ್ನ ಅಲ್ಲಿ ಹೇಳು. ನನ್ನ ಗಂಡ ಸತ್ತಾನ, ಆಯ್ತು. ಅವನ ಕೈ ಕೆಟ್ಟದ್ದು ಅಂತ ಯಾರೂ ಅನ್ನಬಾರದು."

ನಮ್ಮವರಿಬ್ಬರು ಅಂಗಡಿಯ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. "ಮೌನೇಶ, ಹುಚ್ಚು ಹಿಡಿದದೇನು? ನಮ್ಮ ಬಡಿಗತನದ ಮರ್ಯಾದಿ ಬೀದಿಗೆ ಹಾಕ್ತೀಯಾ? ನಾಳಿಂದ ನಮ್ಮ ಓಣ್ಯಾಗ ನಿನಗ ನೀರು ಸಿಗಂಗಿಲ್ಲ," ಎಂದ ಒಬ್ಬ. ನಾನು ಚಪ್ಪಲಿ ಮೆಟ್ಟಿದೆ.

ಠಾಣೆಯಲ್ಲಿ ಸಾಹೇಬರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಕೇಳಿಕೊಂಡರು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಅವರ ಮೇಜಿನ ಮೇಲಿದ್ದ ಪೊಟ್ಟಣದಿಂದ ಹದಿನೈದು ಬೆಂಕಿಕಡ್ಡಿ ತೆಗೆದು ಸಾಲಾಗಿ ಇಟ್ಟು ತೋರಿಸಿದೆ. ಹದಿನಾಲ್ಕು ಭಾರಕ್ಕೆ, ಒಂದು ಲೆಕ್ಕಕ್ಕೆ. ಲೆಕ್ಕದ್ದು ಇಲ್ಲಿ ಇರಬೇಕಿತ್ತು, ನಾನು ಇಲ್ಲಿ ಇಟ್ಟೆ. ಅವನಿಗೆ ಹೇಳಲಿಲ್ಲ. ಗೋಪಮ್ಮ ತುಂಡನ್ನು ಮೇಜಿನ ಮೇಲಿಟ್ಟಳು. ಸಾಹೇಬರು ಅದನ್ನು ಎತ್ತಿ ತೂಗಿ ನೋಡಿದರು, ಹುಬ್ಬು ಮೇಲೆ ಹೋಯಿತು.

"ಈ ವಿಷಯ ನಿಮ್ಮನ್ನ ಬಿಟ್ರ ಯಾರಿಗೆ ಗೊತ್ತಿತ್ತು?"

"ನಮ್ಮಪ್ಪಗ ಗೊತ್ತಿತ್ರೀ. ಅವ ಸತ್ತು ಭಾಳ ವರ್ಷ ಆಯ್ತು."

ಬರೆದುಕೊಂಡರು. ಓದಿ ಹೇಳಿದರು. ಮುರಿದ ಜಂತಿಯನ್ನು ಇಟ್ಟವನು ಮೌನೇಶ, ಅದು ಟೊಳ್ಳು ಎಂಬುದು ಮೃತನಿಗೆ ತಿಳಿದಿರಲಿಲ್ಲ. ಸಹಿ ಹಾಕಿದೆ. ಕೇಸು ನಡೆಯುತ್ತದೆ, ಕರೆದಾಗ ಬರಬೇಕು, ಊರು ಬಿಟ್ಟು ಹೋಗಬಾರದು ಎಂದರು. ನಡೆಯಲಿ. ಜೈಲಾದರೆ ಜೈಲು.

ಹೊರಗೆ ಬಿಸಿಲು ಸುಡುತ್ತಿತ್ತು. ಬಸ್‌ಸ್ಟ್ಯಾಂಡಿನ ತನಕ ಅವಳು ಮುಂದೆ, ನಾನು ಹಿಂದೆ. ದೇವದುರ್ಗದ ಬಸ್ಸು ನಿಂತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿದಳು.

"ಯಣ್ಣಾ, ಜಂತಿ ಲೆಕ್ಕ ಸಾಹೇಬಗ ತಿಳಿಸಾಕ ಎಷ್ಟೊತ್ತು ಹಿಡೀತು?"

"ಹತ್ತು ನಿಮಿಷ ಆಗಿರಬೇಕು."

"ಹತ್ತು ನಿಮಿಷ," ಅಂದಳು. ಒಳಗೆ ಹೋಗಿ ಹೆಂಗಸರ ಸೀಟಿನಲ್ಲಿ ಕೂತು, ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ನಾನು ಆ ಬಸ್ಸು ಹತ್ತಲಿಲ್ಲ.